ಹಟ್ಟಿಗೆ ಬಂದ ಸೋಲಾರ್ ಲೈಟು

ಆಗ ನಮ್ಮ ದೇರೆಬೈಲಿನಲ್ಲಿ ಹಾಲಿನ ಪ್ಯಾಕೆಟ್ ತಾರದ ಮನೆಗಳು ಇನ್ನೂ ನಾಲ್ಕೈದು ಉಳಿದಿದ್ದವು. ಅದರಲ್ಲಿ ನಮ್ಮದೂ ಒಂದು. ಬಾವಿಯ ಆಚೆ ಹಟ್ಟಿ, ಹಟ್ಟಿಯಲ್ಲಿ ಬೊಳ್ಳಿ ಎಂಬ ಬಿಳಿ ದನ, ಬೆಳಿಗ್ಗೆ ಐದಕ್ಕೇ ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ನಮ್ಮ ಅಜ್ಜಿ. ಬೇಯಿಸಿದ ಹುರುಳಿ, ಬೂಸ, ಸೆಗಣಿ ಎಲ್ಲ ಸೇರಿದ ಆ ವಾಸನೆ ಅಜ್ಜಿಯ ಸೆರಗಿನಲ್ಲೂ ಇರುತ್ತಿತ್ತು. ನನಗಂತೂ ಅದು ಭಾರೀ ಇಷ್ಟ.

ನನ್ನ ಐದನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಅಜ್ಜಿ ಹಟ್ಟಿಯ ಹೊಸ್ತಿಲು ಎಡವಿ ಬಿದ್ದರು. ಮೊಣಕಾಲು ಊದಿತು.

"ಆ ಕತ್ತಲೆಯಲ್ಲಿ ಇನ್ನೊಮ್ಮೆ ಬಿದ್ದರೆ ದನ ಕೊಟ್ಟುಬಿಡುವುದೇ," ಎಂದರು ಅಮ್ಮ. ಹಟ್ಟಿಗೆ ಮೊದಲು ಕರೆಂಟಿನ ವಯರು ಇತ್ತು. ಹಿಂದಿನ ಮಳೆಗೆ ತೆಂಗಿನ ಮಡಲು ಬಿದ್ದು ಅದು ತುಂಡಾದ ಮೇಲೆ ಅಮ್ಮನಿಗೆ ವಯರು ಅಂದರೇ ಹೆದರಿಕೆ. ದನ ಕೊಡುವ ಮಾತು ಕೇಳಿ ಅಜ್ಜಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಗಲ್ಫಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಮಾಮ ರಜೆಯಲ್ಲಿ ಬಂದಿದ್ದರು. "ಇದಕ್ಕೆ ಇಷ್ಟು ಗಲಾಟೆ ಎಂತಕ್ಕೆ ಅಕ್ಕ? ಸೋಲಾರ್ ಹಾಕುವ," ಎಂದು ಬಿಜೈ ಪೇಟೆಯಿಂದ ರಿಕ್ಷಾದಲ್ಲಿ ಪ್ಯಾನೆಲ್ ತಂದೇಬಿಟ್ಟರು. ಹಟ್ಟಿಯ ತಗ್ಗು ಹಂಚಿನ ಮಾಡಿನ ಮೇಲೆ ತೆಂಕು ದಿಕ್ಕಿಗೆ ಪ್ಯಾನೆಲ್, ಒಳಗೆ ಬೊಳ್ಳಿಯ ಮೂತಿಗೆ ಎಟುಕದ ಹಲಗೆಯಲ್ಲಿ ಬ್ಯಾಟರಿ, ಗೋಡೆಗೆ ಕೆಂಪು-ಹಸಿರು ದೀಪದ ಸಣ್ಣ ಪೆಟ್ಟಿಗೆ. ಸ್ಕ್ರೂ ಎತ್ತಿಕೊಡುವ ಕೆಲಸ ನನ್ನದು. "ಹಸಿರು ಬಂದರೆ ಬ್ಯಾಟರಿಗೆ ಹೊಟ್ಟೆ ತುಂಬಿತು ಅಂತ," ಎಂದರು ಮಾಮ.

ಹೊಟ್ಟೆ ತುಂಬಲೇ ಇಲ್ಲ. ಮೂರು ದಿನವೂ ಬೆಳಗಿನ ಜಾವಕ್ಕೆ ಲೈಟು ಮಿಣಮಿಣ. "ನಿನ್ನ ಗಲ್ಫಿನ ವಿದ್ಯೆ ಇಷ್ಟೇಯಾ?" ಎಂದು ಅಮ್ಮ ಚುಚ್ಚಿದರು. ನಾಲ್ಕನೇ ದಿನ ಮಧ್ಯಾಹ್ನ ಮಾಮ ಹಟ್ಟಿಯ ಹಿಂದೆ ಹೋಗಿ ನೋಡಿದರೆ, ಪ್ಯಾನೆಲ್ ತುಂಬ ಹಲಸಿನ ಹಪ್ಪಳ!

"ಅಮ್ಮಾ, ಇದೆಂತ ಇದು?" ಎಂದು ಅಜ್ಜಿಯನ್ನು ಕೂಗಿದರು.

"ಕೈ ಇಟ್ಟರೆ ಚುರ್ ಅಂತದೆ ಮಾರಾಯ. ಅಷ್ಟು ಬಿಸಿ ಸುಮ್ಮನೆ ಹಾಳು ಮಾಡುವುದಾ?" ಎಂದರು ಅಜ್ಜಿ.

ಮಾಮ ನಕ್ಕು ನಕ್ಕು ಅಂಗಳದಲ್ಲೇ ಕೂತರು. ಅರೆ ಒಣಗಿದ ಹಪ್ಪಳದ ರುಚಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ನಾವಿಬ್ಬರೂ ಸೇರಿ ಏಳೆಂಟು ಖಾಲಿ ಮಾಡಿದೆವು, ಉಳಿದದ್ದು ಅಂಗಳದ ಚಾಪೆಗೆ ಇಳಿಯಿತು. ಆ ಸಂಜೆ ಹಸಿರು ದೀಪ ಬಂತು.

ಮರುದಿನ ಬೆಳಿಗ್ಗೆ ನಾನೇ ಮುಂದೆ ಓಡಿ ಸ್ವಿಚ್ ಹಾಕಿದೆ. ಅಬ್ಬ, ಎಂತಹ ಬೆಳಕು! ಬೊಳ್ಳಿಯ ರೆಪ್ಪೆಯ ಕೂದಲು ಸಹ ಕಾಣುತ್ತಿತ್ತು. ಚೆಂಬು ಹಿಡಿದು ಬಂದ ಅಜ್ಜಿ ಹೊಸ್ತಿಲ ಹತ್ತಿರ ನಿಂತರು. ಕಾಲಿನಿಂದ ಹೊಸ್ತಿಲನ್ನು ತಡವಿದರು.

"ಲೈಟು ಹಾಕು ಮಗಾ," ಎಂದರು.

ನಾನು ತಲೆ ಎತ್ತಿ ನೋಡಿದೆ. ಲೈಟು ಅವರ ಮುಖದ ಮೇಲೆಯೇ ಬೀಳುತ್ತಿತ್ತು. ಹಿಂದೆ ಅಂಗಳದಿಂದ ಅಮ್ಮ, "ಹೇಗುಂಟು, ಕಾಣ್ತದಾ?" ಎಂದು ಕೇಳುತ್ತಾ ಬರುತ್ತಿದ್ದರು. ನಾನು ಸ್ವಿಚ್ಚನ್ನು ಟಕಟಕ ಎಂದು ಆರಿಸಿ ಮತ್ತೆ ಹಾಕಿದೆ.

"ಹಾಕಿದೆ ಅಜ್ಜಿ."

"ಹಾಂ, ಈಗ ಲಾಯ್ಕ ಕಾಣ್ತದೆ," ಎಂದು ಅಜ್ಜಿ ಜೋರಾಗಿ ಹೇಳಿದರು. ಹೇಳುತ್ತಾ ನನ್ನ ಭುಜ ಗಟ್ಟಿ ಹಿಡಿದು ಒಳಗೆ ಕಾಲಿಟ್ಟರು. ಹಾಲು ಮಾತ್ರ ಒಂದು ತೊಟ್ಟೂ ಹೊರಗೆ ಬೀಳಲಿಲ್ಲ.

ಅಮ್ಮನಿಗೆ ನಾನು ಹೇಳಬೇಕಿತ್ತು. ಹೇಳಿದ್ದರೆ ಕಣ್ಣಿಗೆ ಏನಾದರೂ ಮದ್ದು ಆಗುತ್ತಿತ್ತೋ ಏನೋ. ಆದರೆ ಬೊಳ್ಳಿ ಹೋದರೆ ಅಜ್ಜಿ ಉಳಿಯುವುದಿಲ್ಲ ಎಂದು ಆ ವಯಸ್ಸಿಗೆ ನನಗೆ ಖಾತ್ರಿ ಇತ್ತು. ಎರಡು ವರ್ಷ ದಿನಾ ಐದಕ್ಕೆ ಎದ್ದು ಅಜ್ಜಿಗೆ ಭುಜ ಕೊಟ್ಟೆ. ಅಜ್ಜಿ ಒಮ್ಮೆಯೂ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಅಜ್ಜಿ ಇಲ್ಲ, ಬೊಳ್ಳಿ ಇಲ್ಲ. ಹಟ್ಟಿಯ ಜಾಗದಲ್ಲಿ ಕಾರು ನಿಲ್ಲುತ್ತದೆ, ರಾತ್ರಿಯಿಡೀ ಲೈಟು ಉರಿಯುತ್ತದೆ. ಐದಕ್ಕೆ ನನಗೆ ಈಗಲೂ ಎಚ್ಚರವಾಗುತ್ತದೆ. ನನ್ನ ಭುಜ ಹಿಡಿದು ಕಾಲಿಡುವವರು ಯಾರೂ ಇಲ್ಲ.