ಊರು ತೋರಿಸುವ ಜ್ಞಾನದೇವ

ಹವಾಮಾನ ಬದಲಾವಣೆಯ ಅಧ್ಯಯನಕ್ಕೆ ಊರು ಹುಡುಕುತ್ತ ಚಿಕ್ಕೋಡಿ ಕಡೆಗೆ ಯಾವ ತಂಡ ಬಂದರೂ ಜೀಪಿನ ಮುಂದಿನ ಸೀಟು ಜ್ಞಾನದೇವನದೇ. ಡಾಂಬರು ರಸ್ತೆ, ರೊಟ್ಟಿಗೆ ಶೇಂಗಾ ಚಟ್ನಿ, ಫೋಟೊಗೆ ನಾಚದ ಹೆಂಗಸರು, ಇಷ್ಟಿದ್ದರೆ ಅವನ ಪ್ರಕಾರ ಅದು ಅಧ್ಯಯನಕ್ಕೆ ಯೋಗ್ಯವಾದ ಊರು. ಅಲ್ಲಿಯವರೂ ಪಳಗಿದ್ದಾರೆ, ಪ್ರಶ್ನೆ ಮುಗಿಯುವ ಮೊದಲೇ "ಮಳಿ ಮೊದಲಿನಂಗಿಲ್ರಿ" ಎಂದು ನಿಟ್ಟುಸಿರು ಬಿಟ್ಟು ಚಹಾಕ್ಕೆ ಕೈ ಚಾಚುತ್ತಾರೆ. ಕೃಷ್ಣೆ ಏರಿದಾಗ ಎಲ್ಲಕ್ಕಿಂತ ಮೊದಲು ಮುಳುಗುವುದು ಯಡೂರಿನ ಆಚೆ, ಹೊಳೆದಂಡೆಯ ಅವನದೇ ಓಣಿ. ಅಲ್ಲಿಗೆ ಮಾತ್ರ ಯಾರನ್ನೂ ಒಯ್ಯುವುದಿಲ್ಲ. ಯಾಕೆಂದು ಈ ಸಲ ಬಂದ ತಂಡದ ಶುಭಾಂಗಿ ಪಟ್ಟು ಹಿಡಿದು ಕೇಳಿದಾಗ ದನಿ ತಗ್ಗಿಸಿದ: "2005ರ ಮಹಾಪೂರ ಇಳದ ಮ್ಯಾಲ ಬಂದ ಮೊದಲ ತಂಡನ ಅಲ್ಲಿಗೇ ಒಯ್ದಿದ್ನ್ರಿ ಅಕ್ಕಾರ. 'ಎತ್ತರದಾಗ ಜಾಗಾ ಕೊಡಸ್ತೀವಿ' ಅಂದು ಹೋದ್ರು. ಅವತ್ತಿನಿಂದ ನಮ್ಮವ್ವ ಭಾಂಡೆ ಗಂಟು ಕಟ್ಟಿ ಇಟ್ಟಾಳ. ಅಡಗಿ ಮಾಡಾಕ ಬಿಚ್ತಾಳ, ಉಂಡ ಮ್ಯಾಲ ತೊಳದು ಮತ್ತ ಕಟ್ತಾಳ."