ಕಾಲರಿನ ಮೇಲೊಂದು ಮಂಡಕ್ಕಿ ಕಾಳು

ಮೊಮ್ಮಗಳು ಆರಾಮಾಗಿದ್ದಾಳೆ. ಕೈಗೆ ಸುತ್ತಿದ ಬಿಳಿ ಪಟ್ಟಿಯ ಮೇಲೆ ಓಣಿಯ ಮಕ್ಕಳಿಂದೆಲ್ಲ ಹೆಸರು ಬರೆಸಿಕೊಂಡು ಮೆರೆಯುತ್ತಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದುತ್ತಾ ನೀವು ನನ್ನನ್ನು ಬೈಯುತ್ತೀರಿ.

ಯಾಕೆಂದರೆ ಹೋದ ವಾರ ಹೊಸಪೇಟೆಯ ಆಸ್ಪತ್ರೆಯಲ್ಲಿ ನಾನೊಂದು ಸುಳ್ಳು ಹೇಳಿದೆ.

ಒಂಬತ್ತು ವರ್ಷದ ಸೃಷ್ಟಿ ಎಮ್ಮಿಗನೂರಿನ ಕಾಲುವೆ ಏರಿಯ ಮೇಲೆ ಸೈಕಲ್ಲಿನಿಂದ ಬಿದ್ದಳು. ಎಡಗೈಯ ಎಲುಬು ಚರ್ಮ ಸೀಳಿ ಹೊರಗೆ ಬಂದಿತ್ತು. ಮಗ ಬಸವ ಓಡಿಹೋಗಿ ಆಟೋ ತಂದ. ಅವನು ಡ್ರೈವರ್ ಪಕ್ಕದಲ್ಲಿ ಕೂತ. ಹಿಂದೆ ನಾನು, ನನ್ನ ತೊಡೆಯ ಮೇಲೆ ಆಕೆ.

ಒಂದು ಕೈಯಲ್ಲಿ ಆಕೆಯನ್ನು ಹಿಡಿದಿದ್ದೆ, ನನ್ನ ಇನ್ನೊಂದು ಕೈಯಲ್ಲಿ ಏನಿತ್ತು ಗೊತ್ತೇ? ಬುತ್ತಿ! ಮುಂಜಾನೆಯ ಮಂಡಕ್ಕಿ ಒಗ್ಗರಣೆ, ಜೊತೆಗೆ ನಾಲ್ಕು ಮಿರ್ಚಿ ಭಜಿ. (ನಮ್ಮ ಕಡೆ ಆಸ್ಪತ್ರೆಗೆ ಹೊರಟರೆ ಆಧಾರ್ ಕಾರ್ಡ್ ಮರೆಯುತ್ತೇವೆ, ಬುತ್ತಿ ಮರೆಯುವುದಿಲ್ಲ.) ಬರೀ ಹೊಟ್ಟೆಯಲ್ಲಿ ಕೂಸು ಇಂಜೆಕ್ಷನ್ ತಡೆದೀತೇ? ಕಂಪ್ಲಿ ದಾಟುವುದರೊಳಗೆ ಮುದ್ದು ಮಾಡಿ, ಗದರಿಸಿ, ಆರು ತುತ್ತು ತಿನ್ನಿಸಿದೆ. ಅರ್ಧ ಬಾಳೆಹಣ್ಣೂ ಆಯಿತು. ಮುಂದೆ ಕೂತ ಬಸವನಿಗೆ ಗೊತ್ತೇ ಇಲ್ಲ.

ಎಮರ್ಜೆನ್ಸಿಯ ಬಾಗಿಲಲ್ಲಿ ಒಬ್ಬಾತ ಕಾಗದ ಹಿಡಿದು ಬರೆದುಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

"ಹುಡುಗಿ ಏನಾರ ತಿಂದಾಳೇನು? ಹೌದು, ಇಲ್ಲ, ಅಷ್ಟ ಹೇಳ್ರಿ!"

ಆ ದನಿಗೆ ತಿಂದದ್ದೇ ಅಪರಾಧ ಅನ್ನಿಸಿತು. ನಮ್ಮ ಮುಂದಿದ್ದವರನ್ನು ಆಗಲೇ ಗದರಿಸಿದ್ದ. (ಪಾಪ, ಅವನ ಹಿಂದೆಯೂ ಹತ್ತು ಜನ ನರಳುತ್ತಿದ್ದರು.) ನಮ್ಮನ್ನು ತಿರುಗಿ ಕಳಿಸಿಬಿಟ್ಟರೆ?

"ಇಲ್ರಿ, ಹನಿ ನೀರೂ ಇಲ್ಲ" ಅಂದು ಆಚೆ ನೋಡಿದೆ.

ಆತ ಇಂಗ್ಲಿಷಿನಲ್ಲಿ ಏನೋ ಗೀಚಿದ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅದೇನು ತಿಳಿದೀತು? ಡಾಕ್ಟರು ಓದಿ, "ಹೊಟ್ಟೆ ಖಾಲಿ ಇದೆ, ಥಿಯೇಟರ್ ರೆಡಿ ಮಾಡಿ" ಅಂದರು. ನನಗೆ ಒಳಗೊಳಗೇ ಖುಷಿ. ಒಂದು ಸುಳ್ಳಿಗೆ ನಮ್ಮ ಪಾಳಿ ಎಷ್ಟು ಜಲ್ದಿ ಬಂತು ನೋಡಿ!

ಅಷ್ಟರಲ್ಲಿ ಒಬ್ಬ ಸಿಸ್ಟರ್ ಬಂದಳು. ನನ್ನ ಕಿರಿಮಗಳ ವಯಸ್ಸು. ಸೃಷ್ಟಿಯ ಮುಖ ಒರೆಸುತ್ತಾ ಫ್ರಾಕಿನ ಕಾಲರಿನಿಂದ ಏನೋ ಹೆಕ್ಕಿದಳು. ಅರಿಶಿನ ಹತ್ತಿದ ಒಂದು ಮಂಡಕ್ಕಿ ಕಾಳು.

ನಾನು ಬುತ್ತಿಯನ್ನು ಸೆರಗಿನೊಳಗೆ ತಳ್ಳಿದೆ. ಆಕೆ ಕೂಗಾಡಲಿಲ್ಲ. ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತಳು.

"ಅಮ್ಮಾ, ಒಗ್ಗರಣಿಗೆ ಪುಟಾಣಿ ಪುಡಿ ಹಾಕಿದ್ರೇನು?"

"ಹಾಕದ ಬಿಡ್ತೀನೇನವ್ವಾ? ಅದಿಲ್ಲಂದ್ರ ರುಚಿನ ಇಲ್ಲ" ಅಂದುಬಿಟ್ಟೆ!

ಅಂದ ಮೇಲೆ ಬಾಯಿ ಮುಚ್ಚಿಕೊಂಡು ಏನು ಪ್ರಯೋಜನ?

"ಬೈಯಂಗಿಲ್ಲ, ಹೇಳ್ರಿ. ನಮ್ಮಜ್ಜೀನೂ ಹಿಂಗ. ಇನ್ನೇನು ತಿನ್ಸಿದ್ರಿ? ಎಷ್ಟೊತ್ತಾತು?"

ಎಲ್ಲ ಹೇಳಿದೆ. ಆರು ತುತ್ತು, ಬಾಳೆಹಣ್ಣು, ಕಂಪ್ಲಿ. ಆಕೆ ನನ್ನ ಕೈ ಹಿಡಿದು ತಿಳಿಸಿದಳು. "ಮತ್ತು ಬರೋ ಔಷಧ ಕೊಟ್ಟಾಗ ಹೊಟ್ಟ್ಯಾಗಿಂದು ಮ್ಯಾಲ ಬರ್ತೈತ್ರಿ. ಉಸಿರಿನ ಕೊಳವ್ಯಾಗ ಇಳದ್ರ ಜೀವಕ್ಕ ಅಪಾಯ. ಹೇಳಿದ್ದು ಭಾಳ ಚಲೋ ಆತು."

ಅಂದರೆ ನನ್ನ ಕೈತುತ್ತೂ ನನ್ನ ಸುಳ್ಳೂ ಸೇರಿ ಕೂಸನ್ನು...? ಬೇಡ, ಬರೆಯಲಾರೆ.

ಆಪರೇಷನ್ ಸಂಜೆಗೆ ಹೋಯಿತು. ಅಲ್ಲಿಯವರೆಗೆ ಗಾಯ ತೊಳೆದು, ಕೈಗೆ ಆಸರೆ ಕಟ್ಟಿ, ನೋವಿಗೆ ಔಷಧ ಕೊಟ್ಟರು. ಬಸವ, "ಏನ್ ಮಾಡಿದಿಬೇ ಯವ್ವಾ!" ಅಂತ ಎದ್ದ. ಸಿಸ್ಟರೇ ಅಡ್ಡ ಬಂದಳು. "ಬಿಡ್ರಿ ಅಣ್ಣಾ, ಹೇಳ್ಯಾರಲ್ಲ."

ಆಮೇಲೆ ಸೃಷ್ಟಿಯ ಕಿವಿಯ ಹತ್ತಿರ ಬಗ್ಗಿದಳು. "ನಿದ್ದಿ ಬರಂಗ ಮಾಡ್ತಾರ ಪುಟ್ಟಾ. ಎದ್ದಾಗ ಅಜ್ಜಿ ಇಲ್ಲೇ ಇರ್ತಾಳ."

"ಮಿರ್ಚಿ?" ಅಂದಿತು ನಮ್ಮ ಹುಡುಗಿ.

ಸಂಜೆ ಥಿಯೇಟರಿನಿಂದ ಬಂದು ಕಣ್ಣು ಬಿಟ್ಟಾಗಲೂ ಅದೇ ಮಾತು. "ಅಜ್ಜೀ, ಮಿರ್ಚಿ ಎಲ್ಲೈತಿ?" ಇಂಥ ಸಂತೋಷಕ್ಕೆ ಒಂದು ಬಾಯಿ ಸಾಲದು. ಅಳುತ್ತಾ ನಗುತ್ತಾ ಸಿಸ್ಟರನ್ನು ತಬ್ಬಿಕೊಂಡೆ. ಮುಂಜಾನೆಯಿಂದ ಆಕೆ ಕೂತದ್ದು ನಾನು ನೋಡಿದ್ದು ಒಂದೇ ಸಲ, ಆ ಸ್ಟೂಲಿನ ಮೇಲೆ, ನನಗಾಗಿ.

"ಉಂಡಿಯೇನವ್ವಾ?" ಅಂತ ಕೇಳಿದೆ.

"ಆತಮ್ಮಾ, ಉಂಡೀನಿ" ಅಂದು ಆಚೆ ನೋಡಿದಳು.

ಆ ಆಚೆ ನೋಡುವುದು ನನಗೆ ಗೊತ್ತಿಲ್ಲವೇ? ಮುಂಜಾನೆ ನಾನೂ ಹಾಗೇ ನೋಡಿದ್ದೆ. ಹೌದು-ಇಲ್ಲ ಅಂತ ಕೇಳಿದರೆ ಸುಳ್ಳು ಹೇಳುವುದು ಎಷ್ಟು ಸುಲಭ! ಅದಕ್ಕೆ ಆಕೆಯ ವಿದ್ಯೆಯನ್ನೇ ಆಕೆಗೆ ತಿರುಗಿಸಿದೆ.

"ಏನ್ ಉಂಡಿ? ಎಷ್ಟೊತ್ತಾತು?"

ಸಿಸ್ಟರ್ ನಕ್ಕುಬಿಟ್ಟಳು. ಮತ್ತೆ ಆ ಸ್ಟೂಲನ್ನೇ ಎಳೆದುಕೊಂಡು ಕೂತಳು.

ಬುತ್ತಿ ಬಿಚ್ಚಿದೆ. ಮಂಡಕ್ಕಿ ಮೆತ್ತಗಾಗಿತ್ತು, ಮಿರ್ಚಿ ತಣ್ಣಗಾಗಿತ್ತು. ಮೊದಲ ತುತ್ತು ಸಿಸ್ಟರ್ ಬಾಯಿಗೇ ಇಟ್ಟೆ. ಈ ಸಲ ತಿನ್ನಿಸಿದ್ದಕ್ಕೆ ನನ್ನನ್ನು ಬೈಯುವವರು ಯಾರಿದ್ದಾರೆ, ಹೇಳಿ?