ಮಡಿಲಲ್ಲಿ ಕೂತ ಗಣಪತಿ

ಭಾವನವರು ಪಂಚೆ ಎತ್ತಿ ಕಟ್ಟಿದಾಗ ಎರಡೂ ಮಂಡಿಗಳ ಮೇಲೆ ನೀಲಿಗಟ್ಟಿದ ಗುರುತು ಕಾಣುತ್ತಿತ್ತು. ಆರಡಿ ಮೀರಿದ ಆಳು. ಮನಸ್ಸು ಹೋದದ್ದು ಮಾತ್ರ ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರುಗಳ ಮೇಲೆ: ಎರಡೇ ಸೀಟು, ನೆಲಕ್ಕೆ ಅಂಟಿದಂತಹ ಮೈ, ಮಡಚುವ ಬಟ್ಟೆಯ ಚಾವಣಿ. ಎಲ್ಲಾದರೂ ಒಂದು ಮಾರಾಟಕ್ಕಿದೆ ಎಂದು ಗೊತ್ತಾದರೆ ಹೋಗಿ, ಚಪ್ಪಲಿ ಬಿಟ್ಟು ಒಳಗೆ ತೂರಿ, ಮಂಡಿ ಬಡಿಸಿಕೊಂಡು ಬರುತ್ತಿದ್ದರು.

ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸದಿಂದ ನಿವೃತ್ತರಾಗಿ ಜನ್ನಾಪುರದಲ್ಲಿ ಒಬ್ಬರೇ ಇದ್ದರು. ಶಿವಮೊಗ್ಗಕ್ಕೆ, ದುರ್ಗಿಗುಡಿಯ ನಮ್ಮ ಮನೆಗೆ ಬಂದರೂ ಕಾಫಿ ಲೋಟ ಹಿಡಿದು ಓಡಾಡುತ್ತಲೇ ಇರುವರು.

"ಕೂತ್ಕೊಳ್ಳಿ ಭಾವ."

"ಕೂರೋಕೆ ಸರಿಯಾದ ಜಾಗ ಇನ್ನೂ ಸಿಕ್ಕಿಲ್ಲಮ್ಮಾ."

ನಮ್ಮ ಯಜಮಾನರು ರೇಗಿಸುವರು: "ಮಾಮೂಲಿ ಕಾರು ತಗೊಳೋ ಅಣ್ಣ. ಕಾಲು ಚಾಚ್ಕೊಂಡು ಹೋಗ್ಬಹುದು."

"ಗಾಳಿ ಮುಖಕ್ಕೆ ಹೊಡೀಬೇಕು ಮಾರಾಯ, ಸ್ಟೇರಿಂಗು ಮಂಡಿಗೆ ಹೊಡೀಬಾರ್ದು. ಅಷ್ಟೇ ನಾನು ಕೇಳೋದು."

ಮಂಡಿ ಸವೆದಿದೆ, ಕ್ಲಚ್ ಒತ್ತುವುದು ಇನ್ನು ಹೆಚ್ಚು ಕಾಲ ಆಗದು ಎಂದು ಡಾಕ್ಟರು ಹೇಳಿದ ಮೇಲಂತೂ ಅವರ ಚಡಪಡಿಕೆ ನೋಡಲಾಗುತ್ತಿರಲಿಲ್ಲ. ನಾನು ದೇವರಿಗೆ ತುಪ್ಪದ ದೀಪದ ಹರಕೆ ಹೇಳಿಕೊಂಡೆ.

ಕೊನೆಗೆ ಸಿಕ್ಕಿದ್ದು ಬಣ್ಣ ಮಾಸಿದ ಒಂದು ಹಸಿರು ಕಾರು. ಭಾವ ಬಾನೆಟ್ಟು ಎತ್ತಿಸಲೇ ಇಲ್ಲ, ಮೊದಲು ಕೂತರು. ಮನೆಗೆ ತಂದ ಮೇಲೆ ಸೀಟಿನ ಮೆತ್ತೆ ತೆಳ್ಳಗೆ ಮಾಡಿಸಿದರು. ಮಂಡಿಗೂ ಡ್ಯಾಶ್‌ಬೋರ್ಡಿಗೂ ನಡುವೆ ಎರಡು ಬೆರಳಿನ ಜಾಗ ಉಳಿಯಿತು.

ಆ ಎರಡು ಬೆರಳಿನ ಜಾಗವನ್ನು ತುಂಬಿದವಳು ನಾನು. ಆಯುಧಪೂಜೆಗೆಂದು ಜನ್ನಾಪುರಕ್ಕೆ ಹೋದವಳು, ಅವರು ಸ್ನಾನಕ್ಕೆ ಹೋದಾಗ ಪುಟ್ಟ ಹಿತ್ತಾಳೆ ಗಣಪತಿಯನ್ನು ಗಮ್ಮು ಹಾಕಿ ಅಲ್ಲೇ ಅಂಟಿಸಿ, ಪೂಜೆಯನ್ನೂ ಮುಗಿಸಿದೆ. ಡ್ಯಾಶ್‌ಬೋರ್ಡಿನ ಮೇಲೆ ಇಡುವಷ್ಟು ಅಗಲ ಆ ಕಾರಿಗಿರಲಿಲ್ಲ. ಭಾವ ಬಂದು ಕೂತವರು ಬೆಂಕಿ ತಾಗಿದಂತೆ ಎದ್ದರು.

"ದೇವರಿಗೆ ಕಾಲು ತಾಗ್ತಲ್ಲಮ್ಮಾ."

"ತೆಗೀಲಾ ಭಾವ?"

"ಪೂಜೆ ಆದ ದೇವರನ್ನ ಕೀಳೋದಾ?"

ಕಾರು ಶೆಡ್ಡಿನಲ್ಲೇ ನಿಂತಿತು. ದಿನಾ ಫೋನಿನಲ್ಲಿ ಕೇಳುತ್ತಿದ್ದೆ, "ಗಾಡಿ ತೆಗೆದ್ರಾ?" "ಒರೆಸ್ದೆ" ಎನ್ನುವರು. ಅವರ ಮಂಡಿ ಸವೆಯುತ್ತಿತ್ತು, ನನಗೆ ಅನ್ನ ಸೇರುತ್ತಿರಲಿಲ್ಲ. ತಡೆಯಲಾರದೆ ಬಸ್ಸು ಹತ್ತಿ ಹೋದೆ. ಅಕ್ಷತೆ ಹಾಕಿ, "ಜಾಗ ಬದಲಾಯಿಸ್ತೀನಪ್ಪಾ, ಅಷ್ಟೇ" ಎಂದು ಬೇಡಿಕೊಂಡು ಗಣಪತಿಯನ್ನು ಮೆಲ್ಲಗೆ ಬಿಡಿಸಿದೆ.

"ಈಗ ಎಲ್ಲಿಡ್ಲಿ?"

ಭಾವ ಆಗಲೇ ಸ್ಟೇರಿಂಗಿನ ಮುಂದೆ ಕೂತಾಗಿತ್ತು. "ನಿನ್ನ ಮಡಿಲಲ್ಲಿ. ಗಣಪತಿ ಇಲ್ದೆ ನಾನು ಗಾಡಿ ತೆಗೆಯಲ್ಲ. ಹತ್ತು ಮಾರಾಯ್ತಿ."

ಅಲ್ಲಿಂದ ಪ್ರತಿ ಶನಿವಾರ ನಾನು ಜನ್ನಾಪುರಕ್ಕೆ ಹೋಗಲೇಬೇಕು. ಮೂರನೇ ಸೀಟಿಲ್ಲವೆಂದು ಯಜಮಾನರು ಗೊಣಗುವರು. ದೇವಸ್ಥಾನ, ಮಾರ್ಕೆಟ್ಟು ಬಿಟ್ಟು ಬೇರೆ ದಾರಿ ತುಳಿಯದವಳು ತಲೆಗೆ ಸೆರಗು ಬಿಗಿದು, ಗಣಪತಿಯನ್ನು ಹಿಡಿದುಕೊಂಡು ಗಾಜನೂರಿನ ಡ್ಯಾಮಿನವರೆಗೆ ಹೋದೆ. ತುಂಗೆಯ ಗಾಳಿ ಮುಖಕ್ಕೆ ಹೊಡೆಯುವಾಗ ಮಾತ್ರ ಭಾವ ಚಡಪಡಿಸದೆ ಕೂತಿರುತ್ತಿದ್ದರು. ಆ ಗಾಳಿಯಲ್ಲಿ ನನಗೂ ಪಾಲು ಕೊಟ್ಟರಲ್ಲ, ಆ ಋಣ ತೀರುವಂಥದ್ದಲ್ಲ.

ಹೋದ ವರ್ಷ ಭಾವ ತೀರಿಕೊಂಡರು. ಆಸ್ಪತ್ರೆಯ ಮಂಚ ಅವರಿಗೆ ಸಾಲಲಿಲ್ಲ, ಪಾದಗಳು ಆಚೆ ಚಾಚಿದ್ದವು. ಸ್ಟೂಲಿಟ್ಟು ದಿಂಬು ಕೊಟ್ಟೆ. "ಈಗ ಸರಿಹೋಯ್ತು" ಎಂದರು.

ಗಣಪತಿ ಈಗ ನಮ್ಮ ದೇವರಮನೆಯಲ್ಲಿದ್ದಾನೆ, ಕಾರು ಅಂಗಳದಲ್ಲಿದೆ. ಶನಿವಾರ ಬಂದರೆ ನನ್ನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಮೊನ್ನೆ ಯಜಮಾನರು ಹೇಳಿಕಳಿಸಿ, ಕಾರು ಕೊಳ್ಳಲು ಬಂದವರೊಬ್ಬರು ನೇರ ಬಾನೆಟ್ಟಿಗೆ ಕೈ ಹಾಕಿದರು.

"ಮೊದಲು ಕೂತು ನೋಡಿ" ಎಂದೆ.

ಕೂತರು. ಮಂಡಿ ಬಡಿಯಿತು.

"ಇದು ನಿಮಗಾಗಲ್ಲ ಬಿಡಿ" ಎಂದು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ.